ಕೈಗೆ ಎಷ್ಟು ಬರುತ್ತೆ ಮೇಡಂ? ಸ್ಟಾಫಿಂಗ್ ಕಂಪನೀಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್, ನನ್ನ ರಿವ್ಯೂ

ನಮ್ಮ ಬಿಬಿಎ ಕೋರ್ಸಲ್ಲಿ ಕೊನೇ ವರ್ಷ ಕ್ಲಾಸ್ ಇರಲ್ಲ, ಪೂರ್ತಿ ವರ್ಷ ಒಂದು ಕಂಪನೀಲಿ ಅಪ್ರೆಂಟಿಸ್ ಆಗಿ ಕೆಲಸ ಮಾಡ್ಬೇಕು, ಆ ಕೆಲಸಕ್ಕೇ ಮಾರ್ಕ್ಸು ಕ್ರೆಡಿಟ್ಟು ಎಲ್ಲ. ನಾನು ಮಾಡಿದ್ದು ಯಶವಂತಪುರದ ಒಂದು ಸ್ಟಾಫಿಂಗ್ ಕಂಪನೀಲಿ, ಅಂದ್ರೆ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಜನ ಹುಡುಕಿ ಕೊಡೋ ಕಂಪನೀಲಿ, 2024 ಜುಲೈಯಿಂದ 2025 ಜೂನ್ ತನಕ. ಮೊದಲ ಆರು ತಿಂಗಳು ರಿಕ್ರೂಟ್‌ಮೆಂಟು, ಆಮೇಲಿನ ಆರು ತಿಂಗಳು ಸೇಲ್ಸು. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಅಲ್ಲಿ ನಂಗೆ ಕೆಲಸ ಕಲಿಸಿದವರು ಇನ್ನೂ ಅಲ್ಲೇ ಇದಾರೆ, ಮತ್ತೆ ನಾನು ಹೇಳೋದ್ರಲ್ಲಿ ಸುಮಾರು ವಿಷಯ ಬೆಂಗಳೂರಿನ ಎಲ್ಲಾ ಇಂಥ ಕಂಪನೀಲೂ ಹೀಗೇ ಅಂತ ನನ್ನ ಕ್ಲಾಸ್‌ಮೇಟ್ಸ್ ಮಾತು ಕೇಳಿದ್ರೆ ಗೊತ್ತಾಗುತ್ತೆ. ನಮ್ಮ ಜೂನಿಯರ್ಸ್ ತುಂಬ ಜನ ಮೆಸೇಜ್ ಮಾಡಿ ಸೇಲ್ಸ್ ತಗೊಳ್ಳಾ ಎಚ್‌ಆರ್ ತಗೊಳ್ಳಾ ಅಂತ ಕೇಳ್ತಾ ಇದಾರೆ, ಎಲ್ರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಒಂದೇ ಕಡೆ ಬರೀತಾ ಇದೀನಿ.

ಮೊದ್ಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ. ಕಾಲೇಜಿಂದಲೇ ಸರ್ಕಾರದ ಅಪ್ರೆಂಟಿಸ್ ಸ್ಕೀಮಿನ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ಸೇರಿಸಿ ಕಂಪನಿ ಜೊತೆ ಕಾಂಟ್ರಾಕ್ಟ್ ಮಾಡಿಸ್ತಾರೆ, ದಕ್ಷಿಣದ ರಾಜ್ಯಗಳಿಗೆ ಇದನ್ನ ನೋಡ್ಕೊಳ್ಳೋ ಬೋರ್ಡ್ ಚೆನ್ನೈಲಿದೆ, ವರ್ಷ ಮುಗಿದ್ಮೇಲೆ ಸರ್ಟಿಫಿಕೇಟ್ ಬರೋದೂ ಅಲ್ಲಿಂದಾನೇ. ಡಿಗ್ರಿ ಅಪ್ರೆಂಟಿಸ್‌ಗೆ ನಮ್ಮ ಟೈಮಲ್ಲಿ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ, ಅದ್ರಲ್ಲಿ ಅರ್ಧ, 4,500, ಸರ್ಕಾರದ ಪಾಲು. ನಂಗೆ ಸಿಕ್ಕಿದ್ದೂ ಅಷ್ಟೇ, 9,000. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನಾವು ಟ್ರೈನೀಗಳು, ವರ್ಕರ್ ಅಲ್ಲ, ಹಂಗಾಗಿ ಪಿಎಫ್ ಇಲ್ಲ ಇಎಸ್‌ಐ ಇಲ್ಲ, ವರ್ಷ ಮುಗಿದ್ಮೇಲೆ ಕೆಲಸ ಕೊಡ್ಲೇಬೇಕು ಅಂತಾನೂ ಇಲ್ಲ. ಇದನ್ನ ಯಾರೂ ಸೇರೋ ಮುಂಚೆ ಬಿಡಿಸಿ ಹೇಳಲ್ಲ. ಕಂಪನಿ ಪಾಲು ಎರಡು ತಿಂಗಳು ಲೇಟಾಯ್ತು, ಕೇಳಿದಾಗೆಲ್ಲ ಅಕೌಂಟ್ಸ್‌ಗೆ ಹೋಗಿದೆ ಅಕೌಂಟ್ಸ್‌ಗೆ ಹೋಗಿದೆ ಅಂದ್ರು.

ನಾನು ತುಮಕೂರಿಂದ ದಿನಾ ಓಡಾಡ್ತಿದ್ದೆ, ಸುಮಾರು 70 ಕಿಲೋಮೀಟರ್. ಪಿಜಿ ಮಾಡಿದ್ರೆ 9,000ದಲ್ಲಿ ಏನೂ ಉಳಿಯಲ್ಲ. ಕೆಂಪು ಬಸ್ಸಲ್ಲಿ ಶಕ್ತಿ ಟಿಕೆಟ್ ಇದ್ದಿದ್ರಿಂದ ಬಚಾವು, ಇಲ್ದಿದ್ರೆ ಅಪ್ಪನ ಹತ್ರ ಕೈ ಚಾಚ್ಬೇಕಾಗಿತ್ತು. ಬೆಳಿಗ್ಗೆ ಆರೂವರೆ ಬಸ್ಸು, ನೆಲಮಂಗಲ ದಾಟಿದ್ಮೇಲೆ ಟ್ರಾಫಿಕ್ಕು, ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಂತೇ ಬಿಡೋದು. ನವೆಂಬರಲ್ಲಿ ಮಾದಾವರದ ತನಕ ಮೆಟ್ರೋ ಬಂದಾಗ ತುಂಬ ಖುಷಿಯಾಯ್ತು, ಅಲ್ಲೇ ಇಳಿದು ಸೀದಾ ಯಶವಂತಪುರ. ಆದ್ರೆ ಫೆಬ್ರವರೀಲಿ ಮೆಟ್ರೋ ದರ ಏರಿಸಿದ್ರು, ನಂಗೆ ದಿನಾ ಕೊಡೋಕೆ ಆಗ್ಲಿಲ್ಲ, ವಾಪಸ್ ಬಸ್ಸಿಗೇ ಬಂದೆ.

ಈಗ ಕೆಲಸದ ವಿಷಯ.

ರಿಕ್ರೂಟ್‌ಮೆಂಟ್ ಅಂದ್ರೆ ಎಸಿ ರೂಮಲ್ಲಿ ಕೂತು ಇಂಟರ್‌ವ್ಯೂ ಮಾಡೋದು ಅಂತ ಅಂದ್ಕೊಂಡಿದ್ದೆ. ಅದಲ್ಲ. ಕ್ಲೈಂಟ್ ಕಂಪನಿ ಜೆಡಿ ಕಳಿಸುತ್ತೆ, ಅಂದ್ರೆ ಯಾವ ಕೆಲಸ ಎಷ್ಟು ಜನ ಎಷ್ಟು ಸಂಬಳ ಎಲ್ಲಿ ಅನ್ನೋ ಚೀಟಿ, ನಾವು ನೌಕ್ರಿ ವೆಬ್‌ಸೈಟಿನ ಡೇಟಾಬೇಸಲ್ಲಿ ಹುಡುಕಿ, ಹಳೇ ಎಕ್ಸೆಲ್ ಶೀಟ್‌ಗಳಲ್ಲಿ ಹುಡುಕಿ, ಫೋನ್ ಹಚ್ಚೋದು. ದಿನಕ್ಕೆ 80 ಕಾಲ್, 8 ಲೈನಪ್ ಟಾರ್ಗೆಟ್. ಲೈನಪ್ ಅಂದ್ರೆ ನಾಳೆ ಇಂಟರ್‌ವ್ಯೂಗೆ ಬರ್ತೀನಿ ಅಂತ ಒಪ್ಪಿರೋರು. ಪ್ರತಿ ಕಾಲ್ ಆದ್ಮೇಲೆ ಟ್ರ್ಯಾಕರಲ್ಲಿ ತುಂಬ್ಬೇಕು, ಆರ್‌ಎನ್‌ಆರ್ ಅಂದ್ರೆ ರಿಂಗ್ ಆಯ್ತು ಎತ್ಲಿಲ್ಲ, ಎನ್‌ಐ ಅಂದ್ರೆ ಇಂಟರೆಸ್ಟ್ ಇಲ್ಲ, ಸಿಬಿ ಅಂದ್ರೆ ಆಮೇಲೆ ಮಾಡಿ. ಮೊದಲ ವಾರ ನನ್ನ ಶೀಟು ಪೂರ್ತಿ ಆರ್‌ಎನ್‌ಆರ್. ಎತ್ತಿದವರೂ ಯಾವ ಕಂಪನಿ ಅಂತ ಕೇಳೋ ಮುಂಚೆ ಕಟ್ ಮಾಡೋರು.

ನಾನು ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಫೋನಲ್ಲಿ ಪರಿಚಯ ಇಲ್ದೋರ ಜೊತೆ ಮಾತಾಡೋಕೆ ಗಂಟಲು ಕಟ್ಟೋದು, ಆದ್ರೆ ಇಲ್ಲಿ ಕನ್ನಡಾನೇ ನಂಗೆ ಕೈ ಹಿಡೀತು. ನಮ್ಮ ಕ್ಯಾಂಡಿಡೇಟ್ಸ್ ಎಲ್ಲ ಐಟಿಐ ಡಿಪ್ಲೊಮಾ ಹುಡುಗ್ರು, ರಾಯಚೂರು ಕಲಬುರಗಿ ಕೊಪ್ಪಳ ಚಿತ್ರದುರ್ಗ ಹಾಸನ, ಅವರಿಗೆ ಇಂಗ್ಲಿಷಲ್ಲಿ ಶುರು ಮಾಡಿದ್ರೆ ಬ್ಯಾಂಕ್ ಲೋನ್ ಕಾಲ್ ಅಂದ್ಕೊಂಡು ಇಟ್ಬಿಡ್ತಾರೆ, ಹಲೋ ಅಣ್ಣಾ ಊಟ ಆಯ್ತಾ, ಫಿಟ್ಟರ್ ಕೆಲಸ ಹುಡುಕ್ತಾ ಇದೀರಂತೆ ಅಂದ್ರೆ ಎರಡು ನಿಮಿಷ ಮಾತಾಡ್ತಾರೆ.

ನಮ್ಮ ಟಿಎಲ್, ಅಂದ್ರೆ ಟೀಮ್ ಲೀಡರ್, ಮೇಡಂ ದಾವಣಗೆರೆಯವರು, ನಂಗೆ ಈ ವರ್ಷದಲ್ಲಿ ಸಿಕ್ಕಿದ ದೊಡ್ಡ ಲಾಭ ಅವರೇ. ಒಂದಿನ ನಾನು ಸಿಎನ್‌ಸಿ ಆಪರೇಟರ್ ಮೂರು ವರ್ಷ ಅನುಭವ ಅಂತ ರೆಸ್ಯೂಮೆ ನೋಡಿ ಖುಷಿಯಾಗಿ ಲೈನಪ್ ಹಾಕ್ತಾ ಇದ್ದೆ, ಅವರು ಪಕ್ಕದಲ್ಲಿ ಕೂತು ಕಂಟ್ರೋಲರ್ ಯಾವ್ದು ಕೇಳು ಅಂದ್ರು. ಕಂಟ್ರೋಲರ್ ಅಂದ್ರೆ ಸಿಎನ್‌ಸಿ ಮೆಷಿನ್ನನ್ನ ನಡೆಸೋ ಕಂಪ್ಯೂಟರ್ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಆದ್ರೂ ಕೇಳ್ದೆ. ಆ ಹುಡ್ಗ ತಡ ಮಾಡ್ದೆ ಹೇಳ್ದ, "ಫಾನುಕ್ ಮೇಡಂ, ಆದ್ರೆ ನಾನು ಆಫ್‌ಸೆಟ್ ಮಾತ್ರ ಹಾಕೋದು, ಸೆಟ್ಟಿಂಗ್ ಬೇರೆಯವ್ರು ಮಾಡ್ತಾರೆ, ಪ್ರೋಗ್ರಾಂ ಗೊತ್ತಿಲ್ಲ." ಮೇಡಂ ತಲೆ ಅಲ್ಲಾಡಿಸಿ ಇವನನ್ನ ಕಳಿಸು ಅಂದ್ರು. ಎಷ್ಟು ಗೊತ್ತು ಎಷ್ಟು ಗೊತ್ತಿಲ್ಲ ಅಂತ ಸರಿಯಾಗಿ ಹೇಳೋನು ಮೆಷಿನ್ ಮುಂದೆ ನಿಂತಿರ್ತಾನೆ ಅಂತ ಅವರ ಲೆಕ್ಕ. ಅವತ್ತೇ ಇನ್ನೊಬ್ಬ ಎಲ್ಲಾ ಗೊತ್ತು ಮೇಡಂ ಅಂದ, ಕಂಟ್ರೋಲರ್ ಕೇಳಿದ್ರೆ ದೊಡ್ಡದು ಮೇಡಂ ಅಂದ. ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲಸಕ್ಕೂ ಇದೇ ಥರ ಒಂದು ಪ್ರಶ್ನೆ ಇತ್ತು, ವರ್ನಿಯರ್ ಲೀಸ್ಟ್ ಕೌಂಟ್, ಅಂದ್ರೆ ಅದ್ರಲ್ಲಿ ಅಳೆಯೋಕಾಗೋ ತೀರಾ ಚಿಕ್ಕ ಅಳತೆ, ಎಷ್ಟು, ಮೈಕ್ರೋಮೀಟರ್‌ದು ಎಷ್ಟು. ದಿನಾ ಕೈಯಲ್ಲಿ ಹಿಡಿಯೋರು 0.02, 0.01 ಅಂತ ಉಸಿರು ತಗೊಳ್ದೆ ಹೇಳ್ತಾರೆ. ಇಂಥವು ಕಾಲೇಜಲ್ಲಿ ಎಚ್‌ಆರ್‌ಎಂ ಪೇಪರ್ ಓದಿದ್ರೆ ಎಲ್ಲೂ ಸಿಗಲ್ಲ, ಇದಕ್ಕೋಸ್ಕರವಾದ್ರೂ ಈ ಪ್ಲೇಸ್‌ಮೆಂಟ್ ತಗೋಬಹುದು ಅಂತ ನಾನು ಹೇಳ್ತೀನಿ.

ಆದ್ರೆ ಎಲ್ಲಾ ಕ್ಯಾಂಡಿಡೇಟೂ, ಯಾವ ಜಿಲ್ಲೆಯವರಾದ್ರೂ, ಕೇಳೋದು ಒಂದೇ ಪ್ರಶ್ನೆ. ತುಮಕೂರು ಹಾಸನದ ಕಡೆಯೋರು ಕೈಗೆ ಎಷ್ಟು ಬರುತ್ತೆ ಮೇಡಂ ಅಂತಾರೆ, ರಾಯಚೂರು ಕಲಬುರಗಿ ಕಡೆಯೋರು ಪಗಾರ ಎಷ್ಟ್ರೀ, ಎಲ್ಲಾ ಕಟ್ಟಾಗಿ ಎಷ್ಟ್ ಬರ್ತಾವ್ರೀ ಅಂತಾರೆ. ನಮಗೆ ಕೊಟ್ಟಿದ್ದ ಸ್ಕ್ರಿಪ್ಟಲ್ಲಿ ಆ ಪ್ರಶ್ನೆಗೆ ಉತ್ತರ ಸಿಟಿಸಿ, ಅಂದ್ರೆ ಒಬ್ಬರ ಮೇಲೆ ಕಂಪನಿ ಮಾಡೋ ಒಟ್ಟು ಖರ್ಚು, ಮಾತ್ರ ಇತ್ತು. 20,000 ಮೇಲಿದೆ, ಊಟ ಬಸ್ಸು ಇದೆ, ನಾಳೆ ಬನ್ನಿ. ನಾನೂ ಮೂರು ತಿಂಗಳು ಹಂಗೇ ಹೇಳ್ದೆ. ಸುಳ್ಳು ಹೇಳ್ತಾ ಇದೀನಿ ಅಂತ ಅನ್ನಿಸ್ಲೇ ಇಲ್ಲ, ಯಾಕಂದ್ರೆ ಆಫರ್ ಲೆಟರಲ್ಲೂ ಅದೇ ನಂಬರ್ ಇರ್ತಿತ್ತು.

ಸೆಪ್ಟೆಂಬರಲ್ಲಿ ದೇವದುರ್ಗದ ಕಡೆಯ ಒಬ್ಬ ಹುಡ್ಗನ್ನ ದಾಬಸ್‌ಪೇಟೆಯ ಒಂದು ಫ್ಯಾಕ್ಟರಿಗೆ ಸೇರಿಸ್ದೆ, ಐಟಿಐ ಟರ್ನರ್, ರಾಯಚೂರಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಅಲ್ಲೇ ಮುಖ ತೊಳ್ಕೊಂಡು ಇಂಟರ್‌ವ್ಯೂ ಕೊಟ್ಟು ಅವತ್ತೇ ಸೆಲೆಕ್ಟ್ ಆದ, ನಂಗೆ ಫೋನ್ ಮಾಡಿ ಮೂರು ಸಲ ಥ್ಯಾಂಕ್ಸ್ ಹೇಳ್ದ. ಅವನ ಆಫರು ತಿಂಗಳಿಗೆ 20,535 ಸಿಟಿಸಿ. ಪೂರ್ತಿ ತಿಂಗಳ ಮೊದಲ ಸಂಬಳ ಬಂದ ದಿನ ಸಂಜೆ ನಾನು ಬಸ್ಸಲ್ಲಿದ್ದೆ, ಫೋನ್ ಬಂತು. ಜಗಳ ಆಡ್ಲಿಲ್ಲ, ಮೆಲ್ಲಗೆ ಕೇಳ್ದ. "ಮೇಡಂ, ನೀವ್ 20 ಸಾವಿರದ ಮ್ಯಾಲ ಅಂದಿದ್ರಲ್ರಿ, ಅಕೌಂಟಿಗೆ 15 ಸಾವಿರದ 600 ಚಿಲ್ರಿ ಅಷ್ಟ ಬಂದಾವ್ರಿ, ಉಳಿದದ್ದು ಯಾವಾಗ ಹಾಕ್ತಾರ್ರಿ?" ಉಳಿದಿದ್ದು ಬರಲ್ಲ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ, ವಿಚಾರ್ಸಿ ಹೇಳ್ತೀನಿ ಅಂದೆ.

ಮನೆಗೆ ಹೋಗಿ ಅವನ ಪೇಸ್ಲಿಪ್ ವಾಟ್ಸಾಪಲ್ಲಿ ತರಿಸ್ಕೊಂಡು ಕೂತು ಲೆಕ್ಕ ಹಾಕ್ದೆ. ಗ್ರಾಸ್, ಅಂದ್ರೆ ಏನೂ ಕಟ್ಟಾಗೋ ಮುಂಚಿನ ಸಂಬಳ, 18,000. ಪಿಎಫ್ 15,000ದ ಮೇಲೆ 12 ಪರ್ಸೆಂಟ್, 1,800 ಕಟ್. ಇಎಸ್‌ಐ 0.75 ಪರ್ಸೆಂಟ್, 135 ಕಟ್. ಉಳಿದಿದ್ದು 16,065, ಅದ್ರಲ್ಲಿ ಕ್ಯಾಂಟೀನ್ 450 ಹೋಗಿ 15,615. ಹಂಗಾದ್ರೆ 20,535 ಎಲ್ಲಿಂದ ಬಂತು ಅಂದ್ರೆ, ಕಂಪನಿ ತನ್ನ ಕಡೆಯಿಂದ ಕಟ್ಟೋ ಪಿಎಫ್ ಮತ್ತೆ ಅದರ ಚಾರ್ಜು ಸೇರಿ 13 ಪರ್ಸೆಂಟು 1,950, ಕಂಪನಿ ಕಡೆ ಇಎಸ್‌ಐ 3.25 ಪರ್ಸೆಂಟು 585, ಇವೆರಡನ್ನೂ 18,000ಕ್ಕೆ ಕೂಡಿದ್ರೆ ಸರಿಯಾಗಿ 20,535. ಯಾರೂ ಮೋಸ ಮಾಡಿಲ್ಲ, ಒಂದ್ ರೂಪಾಯೀನೂ ಎಲ್ಲೂ ಹೋಗಿಲ್ಲ, ಪಿಎಫ್ ಅವನದ್ದೇ ದುಡ್ಡು, ಇಎಸ್‌ಐ ಇದ್ರೆ ಹುಷಾರಿಲ್ದಾಗ ಆಸ್ಪತ್ರೆ ನಡೆಯುತ್ತೆ. ಆದ್ರೆ ಆ ಹುಡ್ಗ ರೂಮ್ ಬಾಡಿಗೆಗೆ ಎರಡೂವರೆ, ಊಟಕ್ಕೆ ಮೂರು, ಮನೆಗೆ ಹತ್ತು, ಉಳಿದಿದ್ದು ಚೀಟಿಗೆ ಅಂತ ಬರೋ ಮುಂಚೇನೇ ಲೆಕ್ಕ ಹಾಕ್ಕೊಂಡು ಬಂದಿದ್ದ, ಅಮ್ಮನಿಗೆ ಹೇಳಿದ್ದ, ಆ ಲೆಕ್ಕ ನಾನು ಹೇಳಿದ ನಂಬರ್ ಮೇಲೆ ನಿಂತಿತ್ತು. ಇನ್ನೊಂದು ತಿಂಗಳು ಇದ್ದು ಬಿಟ್ಟು ಹೋದ. ನಾನು ಎರಡು ಸಲ ಫೋನ್ ಮಾಡ್ದೆ, ಎತ್ಲಿಲ್ಲ. ಟ್ರ್ಯಾಕರಲ್ಲಿ ಅವನ ಹೆಸರ ಮುಂದೆ ಆರ್‌ಎನ್‌ಆರ್ ಅಂತ ಟೈಪ್ ಮಾಡೋವಾಗ ನಂಗೆ ತುಂಬ ಬೇಜಾರಾಯ್ತು, ಈಗ್ಲೂ ನೆನಪಾದ್ರೆ ಆಗುತ್ತೆ.

ಆಮೇಲೆ ನಾನು ಸ್ಕ್ರಿಪ್ಟ್ ಬಿಟ್ಟೆ. ಪ್ರತಿ ಜೆಡಿ ಬಂದಾಗ್ಲೂ ಸ್ಯಾಲರಿ ಬ್ರೇಕಪ್ ಕೇಳಿ ಇಸ್ಕೊಂಡು, ನೋಟ್‌ಬುಕ್ಕಲ್ಲಿ ಕೈಗೆ ಬರೋ ನಂಬರ್ ದಪ್ಪಕ್ಕೆ ಬರ್ಕೊಂಡು, ಫೋನಲ್ಲಿ ಮೊದಲನೇ ನಿಮಿಷದಲ್ಲೇ ಅದನ್ನ ಹೇಳೋಕೆ ಶುರು ಮಾಡ್ದೆ. ಎಲ್ಲಾ ಕಟ್ಟಾಗಿ 16,000, ಕ್ಯಾಂಟೀನ್ ಬೇರೆ, ಓಟಿ ಇದ್ರೆ ಮೇಲೆ, ರೂಮು ನೀವೇ ನೋಡ್ಕೋಬೇಕು, ಯೋಚ್ನೆ ಮಾಡಿ. 25,000 ದಾಟೋ ಕೆಲಸ ಆದ್ರೆ ತಿಂಗಳಿಗೆ 200 ರೂಪಾಯಿ ಪಿಟಿ, ಅಂದ್ರೆ ಪ್ರೊಫೆಷನಲ್ ಟ್ಯಾಕ್ಸ್, ಹೋಗುತ್ತೆ ಅಂತಾನೂ ಹೇಳ್ತಿದ್ದೆ. ಲೈನಪ್ ಬಿದ್ದೋಯ್ತು, ಎಂಟು ಇದ್ದಿದ್ದು ನಾಲ್ಕು ಐದು. ವಾರದ ಮೀಟಿಂಗಲ್ಲಿ ಎಲ್ಲರ ಮುಂದೆ ಎದ್ದು ನಿಲ್ಸಿ ಕೇಳಿದ್ರು, ಟಿಎಲ್ ಮೇಡಂ ಕೂಡ ಮೊದ್ಲು ಸಿಟ್ಟಾದ್ರು, ನೀನು ಕ್ಯಾಂಡಿಡೇಟ್‌ನ ಓಡಿಸ್ತಾ ಇದೀಯ ಅಂದ್ರು. ನಾನು ಎರಡು ತಿಂಗಳು ಟೈಮ್ ಕೇಳ್ದೆ. ಸೆಪ್ಟೆಂಬರಲ್ಲಿ ನಾನು ಸೇರಿಸಿದ್ದು 11 ಜನ, 90 ದಿನ ನಿಂತಿದ್ದು 4. ನವೆಂಬರಲ್ಲಿ ಸೇರಿಸಿದ್ದು 7 ಜನ, ನಿಂತಿದ್ದು 6. 90 ದಿನ ಯಾಕೆ ಅಂದ್ರೆ ಅದರೊಳಗೆ ಬಿಟ್ರೆ ನಾವು ಕ್ಲೈಂಟಿಗೆ ಇನ್ನೊಬ್ಬರನ್ನ ಪುಕ್ಕಟೆ ಕೊಡ್ಬೇಕು, ರಿಪ್ಲೇಸ್‌ಮೆಂಟ್ ಅಂತಾರೆ. ಆ ಶೀಟ್ ತೋರಿಸಿದ್ಮೇಲೆ ಮೇಡಂ ಏನೂ ಮಾತಾಡ್ಲಿಲ್ಲ, ಮುಂದಿನ ವಾರ ಟೀಮಿನ ಟ್ರ್ಯಾಕರಿಗೇ ಟೇಕ್ ಹೋಂ ಅಂತ ಒಂದು ಕಾಲಂ ಸೇರಿಸಿದ್ರು. ನನ್ನ ವರ್ಷದಲ್ಲಿ ನಂಗೆ ಹೆಮ್ಮೆ ಇರೋದು ಆ ಒಂದು ಕಾಲಂ ಬಗ್ಗೆ.

ಇನ್ನೊಂದು ವಿಷಯ ಇಲ್ಲೇ ಹೇಳ್ತೀನಿ. ಚಳ್ಳಕೆರೆ ಕಡೆಯ ಒಬ್ಬ ಹುಡ್ಗಿ, ಪ್ಯಾಕಿಂಗ್ ಲೈನಿಗೆ ಸೆಲೆಕ್ಟ್ ಆಗಿದ್ಲು, ಅವಳ ಅಮ್ಮ ಫೋನ್ ಇಸ್ಕೊಂಡು, "ಎಷ್ಟು ದುಡ್ಡು ಕೊಡ್ಬೇಕಮ್ಮಾ ನಿಮಗೆ, ಒಂದೇ ಸಲ ಆಗಲ್ಲ, ಎರಡು ಕಂತಲ್ಲಿ ಕೊಡ್ತೀವಿ" ಅಂದ್ರು. ಕೊಡ್ಬೇಕಾಗಿಲ್ಲ ಅಮ್ಮಾ ಅಂದ್ರೆ ನಂಬ್ಲೇ ಇಲ್ಲ, ಹಿಂದೆ ಯಾರೋ ರಿಜಿಸ್ಟ್ರೇಷನ್ ಯೂನಿಫಾರ್ಮ್ ಅಂತ ಹೇಳಿ 3,000 ತಗೊಂಡು ಫೋನ್ ಸ್ವಿಚಾಫ್ ಮಾಡ್ಕೊಂಡಿದ್ರಂತೆ. ನಮ್ಮಂಥ ಕಂಪನಿಗೆ ದುಡ್ಡು ಕೊಡೋದು ಫ್ಯಾಕ್ಟರಿಯವರು, ಕೆಲಸಕ್ಕೆ ಸೇರೋರು ಒಂದ್ ಪೈಸೆನೂ ಕೊಡ್ಬಾರ್ದು. ಇದನ್ನ ಓದ್ತಿರೋರು ದಯವಿಟ್ಟು ನಿಮ್ಮ ಊರಲ್ಲಿ ಕೆಲಸ ಹುಡುಕ್ತಿರೋ ಪ್ರತಿಯೊಬ್ಬರಿಗೂ ಹೇಳಿ, ಆಫರ್ ಲೆಟರಿಗೆ ಮುಂಚೆ ಗೂಗಲ್ ಪೇ ನಂಬರ್ ಕಳಿಸೋರು ಯಾರೇ ಆಗ್ಲಿ, ಅಲ್ಲಿಗೇ ಬಿಟ್ಬಿಡಿ.

ಜನವರಿಯಿಂದ ಸೇಲ್ಸ್. ನಮ್ಮಲ್ಲಿ ಇದಕ್ಕೆ ಬಿ.ಡಿ. ಅಂತಾರೆ, ಬಿಸಿನೆಸ್ ಡೆವಲಪ್‌ಮೆಂಟ್. ಹೊಸ ಕ್ಲೈಂಟ್ ತರೋದು. ಪೀಣ್ಯ, ದಾಬಸ್‌ಪೇಟೆ, ನಮ್ಮ ತುಮಕೂರಿನ ವಸಂತನರಸಾಪುರ, ಈ ಮೂರು ಏರಿಯಾ ನಂಗೆ ಕೊಟ್ಟಿದ್ರು. ಫ್ಯಾಕ್ಟರಿ ಗೇಟಲ್ಲಿ ವಾಚ್‌ಮನ್ ಅಣ್ಣನ ರಿಜಿಸ್ಟರಲ್ಲಿ ಹೆಸರು ಬರೆದು ಯಾರನ್ನ ನೋಡ್ಬೇಕು ಅನ್ನೋ ಕಡೆ ಎಚ್‌ಆರ್ ಅಂತ ಬರೆದ್ರೆ ಹತ್ತಕ್ಕೆ ಎಂಟು ಕಡೆ ಅಪಾಯಿಂಟ್‌ಮೆಂಟ್ ಇದ್ಯಾ ಅಂತಾರೆ, ಇಲ್ಲ ಅಂದ್ರೆ ವಿಸಿಟಿಂಗ್ ಕಾರ್ಡ್ ಕೊಟ್ಟು ಹೋಗಿ. ಬಿಸ್ಲು ಅಂದ್ರೆ ಬಿಸ್ಲು, ಮಾರ್ಚಲ್ಲಿ ವಸಂತನರಸಾಪುರದಲ್ಲಿ ಒಂದು ಗೇಟಿಂದ ಇನ್ನೊಂದು ಗೇಟಿಗೆ ನಡೆದ್ರೆ ನೆರಳಿಗೆ ಒಂದು ಮರ ಇಲ್ಲ. ಅಲ್ಲಿ ನಂಗೆ ದಾರಿ ತೋರಿಸಿದ್ದು ವಾಚ್‌ಮನ್‌ಗಳೇ. ಒಬ್ರು, ನಮ್ಮಪ್ಪನ ವಯಸ್ಸು, ಬೆಳಿಗ್ಗೆ ಬರ್ಬೇಡ ಕಣಮ್ಮ, ಪ್ರೊಡಕ್ಷನ್ ಮೀಟಿಂಗ್ ಇರುತ್ತೆ, ಹನ್ನೊಂದು ಆದ್ಮೇಲೆ ಬಾ, ಸಾಹೇಬ್ರು ಟೀ ಕುಡಿಯೋಕೆ ಈಚೆ ಬರ್ತಾರೆ ಅಂದ್ರು. ಮಾರನೇ ದಿನ ಹನ್ನೊಂದಕ್ಕೆ ಹೋದೆ, ಐದು ನಿಮಿಷ ಮಾತು ಸಿಕ್ತು, ನನ್ನ ಮೊದಲ ಕ್ಲೈಂಟ್ ಅವರೇ.

ಸೇಲ್ಸಲ್ಲಿ ನಂಗೆ ಇಷ್ಟ ಆಗಿದ್ದು ಲೆಕ್ಕ ಅರ್ಥ ಆಗಿದ್ದು. ಪರ್ಮನೆಂಟ್ ಹುದ್ದೆಗೆ ಜನ ಹುಡುಕಿ ಕೊಟ್ರೆ ವರ್ಷದ ಸಿಟಿಸಿಯ 8.33 ಪರ್ಸೆಂಟ್ ಫೀ, ಅಂದ್ರೆ ಒಂದು ತಿಂಗಳ ಸಂಬಳ, ಆ ನಂಬರ್ ಬಂದಿರೋದೇ ನೂರನ್ನ ಹನ್ನೆರಡರಿಂದ ಭಾಗಿಸಿ. ಮೆಷಿನ್ ಆಪರೇಟರ್ ಥರದವರಿಗೆ ತಲೆಗೆ ಇಷ್ಟು ಅಂತ, ಕಾಂಟ್ರಾಕ್ಟ್ ಮೇಲೆ ನಮ್ಮ ಕಂಪನಿ ಸಂಬಳದ ರೋಲಲ್ಲೇ ಇಟ್ಕೊಂಡು ಕಳಿಸಿದ್ರೆ ತಿಂಗಳ ಬಿಲ್ ಮೇಲೆ ಸರ್ವಿಸ್ ಚಾರ್ಜ್. ನನ್ನ ಮೊದಲ ಕ್ಲೋಷರು, ಅಂದ್ರೆ ಜನ ಕೊಟ್ಟು ಮುಗಿಸಿದ ಹುದ್ದೆ, ಒಬ್ಬ ಮೆಂಟೆನೆನ್ಸ್ ಎಂಜಿನಿಯರ್, 4.2 ಲಕ್ಷ ಸಿಟಿಸಿ. ಎಚ್‌ಆರ್ ಸರ್ 5 ಪರ್ಸೆಂಟಿಗೆ ಬಾ ಅಂತ ಮೂರು ವಾರ ಎಳೆದ್ರು, ಟಿಎಲ್ ಮೇಡಂ ಹೇಳಿಕೊಟ್ಟಿದ್ದು ಒಂದೇ ಮಾತು, ರೇಟ್ ಇಳಿಸ್ಬೇಡ, ರಿಪ್ಲೇಸ್‌ಮೆಂಟ್ ದಿನ ಜಾಸ್ತಿ ಮಾಡು, ನಿನ್ನ ಹುಡ್ಗ ನಿಲ್ತಾನೆ ಅಂತ ನಿಂಗೆ ನಂಬಿಕೆ ಇದ್ರೆ ಅದಕ್ಕೆ ಏನೂ ಖರ್ಚಾಗಲ್ಲ. ಹಂಗೇ ಮಾಡ್ದೆ, 8.33ಕ್ಕೇ ಸೈನ್ ಆಯ್ತು. ಸುಮಾರು 35,000 ಬಿಲ್ಲು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 41,300. ಸಣ್ಣ ಉದ್ದಿಮೆ ಅಂತ ಉದ್ಯಮ್ ನೋಂದಣಿ ಇರೋರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ ಕಾಯ್ದೆ ಇದೆ, ಅದನ್ನ ಮೇಲ್‌ನಲ್ಲಿ ಮರ್ಯಾದೆಯಾಗಿ ನೆನಪಿಸಿ ವಸೂಲಿ ಮಾಡೋದನ್ನೂ ಕಲಿತೆ.

ಈಗ ಸರಿ ಇಲ್ದೇ ಇರೋದು.

ಆ 35,000ದಲ್ಲಿ ನಂಗೆ ಸಿಕ್ಕಿದ್ದು ಸೊನ್ನೆ. ಸೇರೋವಾಗ ಇನ್ಸೆಂಟಿವ್ ಇದೆ ಅಂತ ಬಾಯಲ್ಲಿ ಹೇಳಿದ್ರು, ಕ್ಲೋಷರ್ ಆದ್ಮೇಲೆ ಅದು ಆನ್‌ರೋಲ್ ಸ್ಟಾಫಿಗೆ, ಅಂದ್ರೆ ಕಂಪನಿಯ ಖಾಯಂ ಕೆಲಸದವರಿಗೆ, ಮಾತ್ರ ಅಂದ್ರು. ಟಾರ್ಗೆಟ್ ಮಾತ್ರ ಆನ್‌ರೋಲ್‌ನವರಿಗೆ ಇದ್ದಷ್ಟೇ ನಮಗೂ. ಟ್ರೈನಿಂಗ್ ಅಂತ ಕಾಂಟ್ರಾಕ್ಟಲ್ಲಿ ಇದ್ದಿದ್ದು, ನಿಜವಾಗ್ಲೂ ಕೂರಿಸಿ ಕಲಿಸಿದ್ದು ಎರಡು ದಿನ, ಉಳಿದಿದ್ದು ಟಿಎಲ್ ಮೇಡಂ ತಮ್ಮ ಮನಸ್ಸಿಂದ ಹೇಳ್ಕೊಟ್ಟಿದ್ದು. ಬೇರೆ ಟೀಮಲ್ಲಿದ್ದ ನನ್ನ ಫ್ರೆಂಡಿಗೆ ಅಂಥ ಟಿಎಲ್ ಸಿಗ್ಲಿಲ್ಲ, ಅವಳು ವರ್ಷ ಪೂರ್ತಿ ಅಟೆಂಡೆನ್ಸ್ ಶೀಟ್ ಎಂಟ್ರಿ ಮಾಡಿದ್ಲು, ಅದೇ ಬಿಲ್ಡಿಂಗು, ಅದೇ ಸರ್ಟಿಫಿಕೇಟು. ಕಾಲೇಜಿನ ಮೆಂಟರ್ ವರ್ಷಕ್ಕೆ ಒಂದೇ ಸಲ ಬಂದ್ರು, ಕಾಫಿ ಕುಡಿದು ಸೈನ್ ಹಾಕಿ ಹೋದ್ರು.

ಫೋನ್ ವಿಷಯ ಇನ್ನೂ ಕಷ್ಟ. ಆಫೀಸ್ ಸಿಮ್ ಕೊಡ್ಲಿಲ್ಲ, ನಮ್ಮ ಸ್ವಂತ ನಂಬರಿಂದಲೇ ಎಲ್ಲಾ ಕಾಲು. ಎರಡನೇ ತಿಂಗಳಿಗೇ ಟ್ರೂಕಾಲರಲ್ಲಿ ನನ್ನ ಹೆಸರು ಕೆಂಪಗೆ ಸ್ಪ್ಯಾಮ್ ಅಂತ ಬರೋಕೆ ಶುರುವಾಯ್ತು, ನಮ್ಮ ಅತ್ತೆಗೆ ಫೋನ್ ಮಾಡಿದ್ರೆ ಅವರೂ ಎತ್ಲಿಲ್ಲ. ನಾನು ಸೇರಿದ ಮುಂದಿನ ತಿಂಗಳು, 2024 ಆಗಸ್ಟಲ್ಲೇ, ನೋಂದಣಿ ಇಲ್ದೆ ಪ್ರಮೋಷನ್ ಕಾಲ್ ಮಾಡೋರ ಕನೆಕ್ಷನ್‌ಗಳನ್ನ ಕಟ್ ಮಾಡಿ, ಎರಡು ವರ್ಷದ ತನಕ ಬ್ಲ್ಯಾಕ್‌ಲಿಸ್ಟ್ ಮಾಡಿ ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಟೆಲಿಕಾಂ ಕಂಪನಿಗಳಿಗೆ ಹೇಳಿತ್ತು. ಪ್ರಮೋಷನ್ ಕಾಲ್‌ಗೆ 140ರಿಂದ ಶುರುವಾಗೋ ನಂಬರೇ ಬೇರೆ ಇದೆ. ಸೇಲ್ಸ್‌ಗೆ ಬಂದ್ಮೇಲೆ ಪರಿಚಯ ಇಲ್ದ ಎಚ್‌ಆರ್‌ಗಳಿಗೆ ದಿನಾ ಆ ಥರ ಕಾಲ್ ಮಾಡ್ಸಿದ್ದು ನಮ್ಮ ನಂಬರಿಂದ, ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದ್ರೆ ಹೋಗ್ತಿದ್ದಿದ್ದು ಆಧಾರ್, ಬ್ಯಾಂಕು ಎಲ್ಲ ಲಿಂಕ್ ಆಗಿರೋ ನನ್ನ ಸಿಮ್ಮು. ಇದನ್ನ ನಾನು ಮೇಲ್ ಮಾಡಿ ಕೇಳ್ದೆ, ನೋಡ್ತೀವಿ ಅಂದ್ರು, ಜೂನ್ ತನಕ ನೋಡ್ಲಿಲ್ಲ.

ಎಲ್ಲಕ್ಕಿಂತ ನೋವಾಗಿದ್ದು ಬೇರೆ. ಕೆಲವು ಕ್ಲೈಂಟ್ಸ್ ಜೆಡಿಯಲ್ಲಿ ಬರೆಯಲ್ಲ, ಫೋನಲ್ಲಿ ಹೇಳ್ತಾರೆ. ಹುಡುಗೀರಾದ್ರೆ ಮದುವೆ ಆಗಿರ್ಬಾರ್ದು. ಆಮೇಲೆ, ಲೋಕಲ್ ಬೇಡ. ಲೋಕಲ್ ಅಂದ್ರೆ ಫ್ಯಾಕ್ಟರಿ ಸುತ್ತಮುತ್ತಲ ಊರಿನ ಹುಡುಗ್ರು, ರಜಾ ಜಾಸ್ತಿ ಹಾಕ್ತಾರೆ, ಗುಂಪು ಕಟ್ತಾರೆ ಅಂತ ಅವರ ಮಾತು. ನಾನು ಸೇರಿದ ತಿಂಗಳೇ ಕರ್ನಾಟಕದಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೇಲಿ 50, ಉಳಿದಿದ್ರಲ್ಲಿ 70 ಪರ್ಸೆಂಟ್ ಮೀಸಲು ಅಂತ ಬಿಲ್ ಕ್ಯಾಬಿನೆಟಲ್ಲಿ ಒಪ್ಪಿಗೆ ಆಗಿ, ಎರಡೇ ದಿನಕ್ಕೆ ತಡೆಹಿಡಿದ್ರು, ಆಫೀಸಲ್ಲಿ ಒಂದು ವಾರ ಅದೇ ಚರ್ಚೆ. ನಂಗೆ ಆ ಬಿಲ್ಲಿನ ಸರಿ ತಪ್ಪು ಹೇಳೋಷ್ಟು ಗೊತ್ತಿಲ್ಲ. ಆದ್ರೆ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ತುಮಕೂರು ತಾಲ್ಲೂಕಿನ ರೆಸ್ಯೂಮೆ ಕಳಿಸ್ಬೇಡ ಅಂತ ತುಮಕೂರಿನ ಹುಡ್ಗಿ ಆದ ನಂಗೇ ಹೇಳಿದಾಗ ಎದುರಿಗಿದ್ದ ಲಿಸ್ಟಲ್ಲಿ ನಮ್ಮೂರ ಪಕ್ಕದ ಊರಿನ ಮೂರು ಹುಡುಗ್ರು ಇದ್ರು, ಐಟಿಐ ಫಸ್ಟ್ ಕ್ಲಾಸು, ಮನೆಯಿಂದ ಸೈಕಲ್ಲಲ್ಲಿ ಹೋಗ್ಬಹುದು. ನಾನು ಮೂರೂ ಕಳಿಸ್ದೆ. ಮೂರೂ ರಿಜೆಕ್ಟ್ ಆಯ್ತು, ಕಾರಣ ಅನ್ನೋ ಕಾಲಂ ಖಾಲಿ. ಅವರಿಗೆ ಫೋನ್ ಮಾಡಿ ಏನು ಹೇಳ್ಬೇಕು ಅಂತ ನಂಗೆ ಯಾವ ಟ್ರೈನಿಂಗೂ ಕಲಿಸ್ಲಿಲ್ಲ. ಒಬ್ಬನಿಗೆ ಪೀಣ್ಯದಲ್ಲಿ ಕೊಡಿಸ್ದೆ, ಇಬ್ಬರಿಗೆ ಆಗ್ಲಿಲ್ಲ.

ರೇಟಿಂಗ್ ಕೊಡು ಅಂದ್ರೆ ಐದಕ್ಕೆ ಮೂರು ಕೊಡ್ತೀನಿ, ಆ ಮೂರರಲ್ಲಿ ಎರಡು ಟಿಎಲ್ ಮೇಡಂದು. ತಗೋಬೇಕಾ ಅಂತ ಕೇಳೋರಿಗೆ, ತಗೊಳ್ಳಿ, ಅದರಲ್ಲೂ ಫೋನ್ ಎತ್ತೋಕೆ ಹೆದರೋರು, ಇಂಗ್ಲಿಷ್ ಬರಲ್ಲ ಅಂತ ಹಿಂದೆ ನಿಲ್ಲೋರು ತಗೊಳ್ಳಿ, ಮೂರು ತಿಂಗಳಲ್ಲಿ ಆ ಹೆದರಿಕೆ ಹೋಗುತ್ತೆ, ನಂಗೆ ಹೋಯ್ತು. ಆದ್ರೆ ಸೈನ್ ಮಾಡೋ ಮುಂಚೆ ಯಾವ ಟೀಮು, ಟಿಎಲ್ ಯಾರು ಅಂತ ಕೇಳಿ, ಆಗ್ಲೇ ಅಲ್ಲಿರೋ ಅಪ್ರೆಂಟಿಸ್ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಿ. ಇನ್ಸೆಂಟಿವ್ ಇದ್ರೆ ಮೇಲ್‌ನಲ್ಲಿ ಬರೆಸ್ಕೊಳ್ಳಿ. ಸಿಮ್ ಕೊಡಲ್ಲ ಅಂದ್ರೆ ಇನ್ನೊಂದು ಸಿಮ್ ತಗೊಂಡೇ ಶುರು ಮಾಡಿ, ನಿಮ್ಮ ಮೇನ್ ನಂಬರ್ ಯಾರಿಗೂ ಕೊಡ್ಬೇಡಿ. ಸೇಲ್ಸು ರಿಕ್ರೂಟ್‌ಮೆಂಟು ಎರಡರಲ್ಲಿ ಒಂದೇ ಸಿಗುತ್ತೆ ಅಂದ್ರೆ ಮೊದ್ಲು ರಿಕ್ರೂಟ್‌ಮೆಂಟ್ ಕೇಳಿ, ಕೆಲಸ ಹುಡುಕೋರ ಜೊತೆ ಆರು ತಿಂಗಳು ಮಾತಾಡಿದ್ಮೇಲೆ ಫ್ಯಾಕ್ಟರಿ ಗೇಟಿಗೆ ಹೋದ್ರೆ ನಿಮಗೆ ಏನು ಮಾರ್ತಾ ಇದೀರ ಅಂತ ಗೊತ್ತಿರುತ್ತೆ.

ವರ್ಷ ಮುಗಿದ್ಮೇಲೆ ಕಂಪನಿ ಕೆಲಸಕ್ಕೆ ಕರೀತು, 18,000 ಸಿಟಿಸಿ ಅಂದ್ರು, ನಾನು ಬ್ರೇಕಪ್ ಕೇಳ್ದೆ, ಕೈಗೆ ಬರೋದು ನೋಡಿ ಬೇಡ ಅಂದೆ. ಈಗ ಇಲ್ಲೇ ತುಮಕೂರಲ್ಲಿ ಹುಡುಕ್ತಾ ಇದೀನಿ. ನಂಬರ್ ಮಾತ್ರ ಹಳೇದೇ ಇದೆ, ಹಂಗಾಗಿ ಕಾಲ್ ಬರ್ತಾನೇ ಇರುತ್ತೆ. ಮೊನ್ನೆ ಮಾನ್ವಿಯಿಂದ ಒಬ್ಬ ಫೋನ್ ಮಾಡ್ದ, ಯಾರೋ ಫ್ರೆಂಡ್ ನಂಬರ್ ಕೊಟ್ಟನಂತೆ, ಬೇರೆ ಯಾವುದೋ ಕಂಪನಿ ಆಫರ್ ಲೆಟರ್ ಫೋಟೋ ಕಳಿಸಿ ಎಲ್ಲಾ ಕಟ್ಟಾಗಿ ಎಷ್ಟ್ ಬರ್ತಾವ್ರಿ ಅಕ್ಕಾರ ಅಂತ ಕೇಳ್ದ. ನಾನು ಆ ಕೆಲಸ ಬಿಟ್ಟಿದೀನಿ ಅಂತ ಹೇಳಿ, ಹಳೇ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿ ಕಳಿಸ್ದೆ.